ಹಗೇವಿಗೆ ಇಳಿಬಿಟ್ಟ ಕಂದೀಲು

ಆಲಮೇಲ
೩ ಜೂನ್ ೨೦೨೫

ಪ್ರೀತಿಯ ಮಿತ್ರಾ,

ಎರಡೂವರೆಯಾಗಿತ್ತು. ಹಿತ್ತಲ ಕಡೆ ‘ಗುಳುಕ್’ ಎಂದ ಸದ್ದಿಗೆ ಎಚ್ಚರವಾಯಿತು. ಕತ್ತಲಲ್ಲಿ ಯಾರೋ ನಿಂತು ತಂಬಿಗೆ ನೀರನ್ನು ಒಂದೇ ಗುಟುಕಿಗೆ ನುಂಗಿದ ಹಾಗೆ. ಬಾವಿಯೊಳಗಿನ ಕಪ್ಪೆ ಇರಬೇಕು. ತೊಟ್ಟಿಲಿಗೆ ಕೈ ಹಾಕಿ ನೋಡಿದೆ. ಕೂಸಿನ ಹಾಸಿಗೆ ಮತ್ತೆ ಹಸಿ, ಮತ್ತೆ ಅದೇ ನೀರಿನಂಥ ಭೇದಿ. ಬಟ್ಟೆ ಬದಲಿಸಿ, ಅವಳನ್ನು ಮಲಗಿಸಿ, ಅಡುಗೆಮನೆಯ ದೀಪ ಹಚ್ಚಿಕೊಂಡು ಕುಳಿತಿದ್ದೇನೆ. ಇನ್ನು ನಿದ್ದೆ ಬರುವುದಿಲ್ಲ. ಬಂದರೂ ನನಗೆ ಭಯವೇ.

ಫೋನು ಬಿಟ್ಟು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನಮ್ಮ ಮನೆಗೆ ಇರುವುದೊಂದೇ ಪಡಸಾಲೆ. ಫೋನಿನಲ್ಲಿ ನಾನು ಉಸಿರು ಬಿಟ್ಟರೂ ಅತ್ತೆ, ಮಾವ, ಇವರು ಮೂವರಿಗೂ ಕೇಳುತ್ತದೆ. ಮೇಲಾಗಿ ಫೋನಿನಲ್ಲಿ ಮಣ್ಣು ಕಳಿಸಲು ಬರುವುದಿಲ್ಲ. ಇದರ ಜೊತೆಗಿರುವ ಅರಿವೆ ಗಂಟಿನಲ್ಲಿ ನಮ್ಮ ಹಿತ್ತಲ ಮಣ್ಣಿದೆ. ಸಿಂದಗಿ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನೀನು ಇಂಜಿನಿಯರಾಗಿ ಮುದ್ದೇಬಿಹಾಳಕ್ಕೆ ಹೋದೆ, ನಾನು ಬಿಎಸ್ಸಿ ಮುಗಿಸಿ ಈ ಮನೆಗೆ ಬಂದೆ. ಊರೂರಿನ ನೀರು, ಪಾಯಖಾನೆ ನೋಡುವುದೇ ನಿನ್ನ ಕೆಲಸ, ಅದಕ್ಕೆ ನಿನ್ನನ್ನೇ ಕೇಳುತ್ತಿದ್ದೇನೆ.

ಹಿತ್ತಲಲ್ಲಿ ಅಜ್ಜನ ಕಾಲದ ಒಂದು ಹಗೇವಿದೆ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಆಳ ಎರಡಾಳು, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು, ಮೇಲೊಂದು ಚಪ್ಪಡಿ. ಈಗ ಅದರಲ್ಲಿ ಯಾರೂ ಜೋಳ ಹಾಕುವುದಿಲ್ಲ. ಹೊಸದಾಗಿ ಕಟ್ಟಿಸಿದ ಪಾಯಖಾನೆಯ ಪೈಪನ್ನು ಅದಕ್ಕೇ ಬಿಡಬೇಕೆಂದು ಮಾವನವರ ವಿಚಾರ. ‘ತಯಾರ್ ಗುಂಡಿ ಇರೂವಾಗ ಮತ್ತೊಂದ್ ಯಾಕ್ ತೋಡಬೇಕು?’ ಎನ್ನುತ್ತಾರೆ. ಆದರೆ ಕುಡಿಯುವ ನೀರಿನ ಬಾವಿ ಅಲ್ಲಿಂದ ಬಹಳ ದೂರವಿಲ್ಲ. ನಮ್ಮ ಮಣ್ಣು ಇದಕ್ಕೆ ತಾಳುತ್ತದೆಯೇ?

ನಿಂಬೆಹಣ್ಣಿನ ಟೆಂಪೋ ಓಡಿಸುವ ಮುಕ್ತಾರನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನ ಗಾಡಿ ನಿಮ್ಮ ಊರ ಮೇಲೆಯೇ ಹೊಸಪೇಟೆಗೆ ಹೋಗುತ್ತದೆ. ಗಂಟು ಮುಟ್ಟಿ ನೋಡಿ ಹೇಳಿದ: ‘ಅಕ್ಕಾ, ಪೊಲೀಸ್ರು ಹಿಡದ್ರ ಉಸುಕಿನ ಕಳ್ಳಸಾಗಾಟ ಅಂತಾರ್ ನೋಡು.’

ಬೇಗ ಬರೆ.
ನಿನ್ನ ಜಯಮಾಲಾ


ಮುದ್ದೇಬಿಹಾಳ
೮ ಜೂನ್ ೨೦೨೫

ಜಯಾ,

ಗಂಟು ಬಿಚ್ಚಿ, ಮಣ್ಣಿಗೆ ನೀರು ಹಾಕಿ ಕಲಸಿ, ಬೆರಳುಗಳ ನಡುವೆ ಹೊಸೆದೆ. ಶ್ಯಾವಿಗೆಯ ಹಾಗೆ ಎಳೆ ಬಂತು, ಬಾಗಿಸಿದರೂ ಮುರಿಯಲಿಲ್ಲ. ಅಪ್ಪಟ ಕಪ್ಪು ಎರೆ ಮಣ್ಣು. ಜೋಳಕ್ಕೆ ಬಂಗಾರ, ಪಾಯಖಾನೆ ನೀರಿಗೆ ವೈರಿ.

ಮಾವನವರಿಗೆ ಹೀಗೆ ಹೇಳು: ಹಗೇವು ತೋಡಿದ ಹಿರಿಯರು ಊರೆಲ್ಲ ಸುತ್ತಿ, ನೀರು ಒಳಗೆ ಬಾರದ ಜಾಗ ಹುಡುಕಿದರು. ನಮಗೆ ಬೇಕಾದದ್ದು ನೀರು ಹೊರಗೆ ಹೋಗುವ ಜಾಗ. ಮಳೆಗಾಲದಲ್ಲೂ ಜೋಳವನ್ನು ಒಣಗಿಟ್ಟ ನೆಲ, ಹಾಕಿದ ನೀರನ್ನು ಕುಡಿಯುತ್ತದೆ ಎಂದು ನಂಬುವುದು ಹೇಗೆ?

ಆದರೂ ಪರೀಕ್ಷೆ ಮಾಡಿ ನೋಡು. ಹಗೇವಿಗೂ ಬಾವಿಗೂ ನಡುವೆ ಒಂದು ಮೊಳ ಅಗಲ, ಸೊಂಟದಾಳದ ಗುಂಡಿ ತೋಡಿಸು. ಸಂಜೆ ತುಂಬ ನೀರು ಹಾಕು. ಇಳಿದಂತೆಲ್ಲ ಮತ್ತೆ ಹಾಕು. ಮಣ್ಣು ರಾತ್ರಿಯಿಡೀ ನೆನೆಯಬೇಕು. ಬೆಳಿಗ್ಗೆ ಗೇಣುದ್ದ ನೀರು ನಿಲ್ಲಿಸಿ, ಕಡ್ಡಿಗೆ ಗುರುತು ಮಾಡಿ, ಅದು ಎಷ್ಟು ಹೊತ್ತಿಗೆ ಬೆರಳಗಲ ಇಳಿಯುತ್ತದೆ ನೋಡು. ರಾತ್ರಿ ನೆನೆಸುವುದನ್ನು ಬಿಡಬೇಡ.

ಇನ್ನೊಂದು. ಹಗೇವು ಈಗ ಖಾಲಿ ಇದೆ ತಾನೆ? ಸ್ಪಷ್ಟವಾಗಿ ಬರೆ. ಮತ್ತೆ, ಮಳೆಯೇ ಬಿದ್ದಿಲ್ಲ, ನಿಮ್ಮ ಬಾವಿಗೆ ಕಪ್ಪೆ ಎಲ್ಲಿಂದ ಬಂತೇ?

ಕೂಸಿಗೆ ಕುದಿಸಿ ಆರಿಸಿದ ನೀರನ್ನೇ ಕೊಡು. ಬಂದು ನೋಡು ಎಂದು ನೀನು ಕರೆಯುತ್ತೀ, ಗೊತ್ತು. ಬರಲಾರೆ. ಕೆಲವು ತಿಂಗಳು ನನಗೆ ಪ್ರಯಾಣವಿಲ್ಲ. ಕಾರಣ ಕೇಳಬೇಡ.

ಸಂಘಮಿತ್ರಾ


ಆಲಮೇಲ
೧೪ ಜೂನ್ ೨೦೨೫

ಮಿತ್ರಾ,

ಗುಂಡಿ ತೋಡಿಸಿದೆವು. ನೀರು ಹಾಕಿದೆವು. ನಾನು ಕಡ್ಡಿ ನೆಡುವಷ್ಟರಲ್ಲಿ ನೀರೇ ಇಲ್ಲ! ಮತ್ತೊಂದು ಕೊಡ ಸುರಿದರೆ ಅದೂ ಹೋಯಿತು. ಮಾವನವರು ತಲೆಯ ಪಟಗಾ ಸರಿಮಾಡಿಕೊಂಡು, ಪಂದ್ಯ ಗೆದ್ದವರ ಹಾಗೆ ನನ್ನ ಕಡೆ ನೋಡಿದರು: ‘ನೋಡವಾ ಜಯಾ, ಎತ್ತ ಕುಡದಂಗ್ ಕುಡೀತು. ನಿಮ್ಮ ಇಂಜಿನಿಯರ್ ಬಾಯಾರಿಗೆ ಬರಿ, ಈ ನೆಲದ ಹೊಟ್ಟಿ ದೊಡ್ಡದೈತಿ ಅಂತ.’

ರಾತ್ರಿ ನೆನೆಸಲು ಆಗಲಿಲ್ಲ. ಬಾವಿಯ ನೀರು ತಳ ಕಂಡಿದೆ; ನಾನು ಕೊಡದ ಮೇಲೆ ಕೊಡ ಸುರಿಯುವುದನ್ನು ಕಂಡು ಅತ್ತೆ ಸುಮಿತ್ರಾಬಾಯಿ ಹಣೆ ಬಡಿದುಕೊಂಡರು. ‘ಮಂದಿ ಗೆಳತ್ಯಾರಿಗೆ ಹೋಳಿಗಿ ಕಳಸ್ತಾರ, ನಮ್ಮ ಸೊಸಿ ಮಣ್ಣ ಕಳಸ್ತಾಳ. ಈಗ ಇದ್ದ ನೀರೂ ಮಣ್ಣಪಾಲ್ ಮಾಡಾಕತ್ತಾಳ!’ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಆಗಲೇ ಅಳುತ್ತಿದ್ದೆ.

ಈ ಮನೆಯಲ್ಲಿ ನನ್ನ ಮಾತಿಗೆ ಈಗ ತೂಕವಿಲ್ಲ ಮಿತ್ರಾ. ಚಮಚ ಕುದಿಸುತ್ತೇನೆ, ಗಿಲಕಿ ಕುದಿಸುತ್ತೇನೆ, ಕೂಸನ್ನು ಎತ್ತಿಕೊಳ್ಳಲು ಬಂದವರಿಗೆ ಕೈ ತೊಳೆಯಿರಿ ಎನ್ನುತ್ತೇನೆ. ‘ಆಕಿಗೆ ನಿದ್ದಿ ಇಲ್ಲ, ತಲಿ ಬಿಸಿ ಆಗೈತಿ’ ಎಂದು ಇವರು ತಮ್ಮ ಅಪ್ಪನಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು. ಮೆಲ್ಲಗೆ ಹೇಳಿದ್ದಕ್ಕೇ ಹೆಚ್ಚು ನೋವಾಯಿತು.

ಹಗೇವು ಖಾಲಿ ಇದೆ. ಹಳೆಯ ಹೊಟ್ಟಿನ ವಾಸನೆ ಬಿಟ್ಟರೆ ಏನೂ ಇಲ್ಲ.

ಬರಲಾರೆ, ಕೇಳಬೇಡ ಎಂದು ಬರೆದೆಯಲ್ಲ, ಅದನ್ನು ಎರಡು ಸಲ ಓದಿದೆ. ಇಂಜಿನಿಯರ್ ಸಾಹೇಬರ ಜೀಪು ಈ ಕಡೆ ತಿರುಗುವುದಿಲ್ಲವೇನೋ. ಇರಲಿ.

ಜಯಾ


ಮುದ್ದೇಬಿಹಾಳ
೨೦ ಜೂನ್ ೨೦೨೫

ಜಯಾ,

ಅದು ಮಣ್ಣು ಕುಡಿದದ್ದಲ್ಲ. ಬೇಸಿಗೆಯ ಎರೆಭೂಮಿ ಕೈ ಹಿಡಿಸುವಷ್ಟು ಬಾಯಿ ಬಿಟ್ಟಿರುತ್ತದೆ. ನೀನು ಹಾಕಿದ ನೀರು ಬಿರುಕು ಹಿಡಿದು ಓಡಿದೆ. ಎಲ್ಲಿಗೆ ಓಡಿತು? ಬಾವಿ ಹತ್ತಿರವಿದ್ದರೆ ಬಾವಿಗೇ. ನೆನೆಸು ಎಂದಿದ್ದು ಇದಕ್ಕೇ. ನೆನೆದ ಎರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಆಗ ಅದರ ನಿಜಗುಣ ತಿಳಿಯುತ್ತದೆ.

ಮಳೆ ಬೀಳಲಿ. ಅದೇ ಗುಂಡಿಯಲ್ಲಿ ಮತ್ತೆ ನೋಡು. ಅಲ್ಲಿಯವರೆಗೆ ಪೈಪು ಜೋಡಿಸಲು ಬಿಡಬೇಡ. ನನ್ನ ಹೆಸರು ಹೇಳು, ಇಂಜಿನಿಯರು ಬೇಡ ಅಂದಿದ್ದಾಳೆ ಅನ್ನು.

ಜೀಪಿನ ಮಾತಿಗೆ ಉತ್ತರ ಕೊಡುವುದಿಲ್ಲ. ಕೂಸು ಹೇಗಿದೆ ಎಂದು ನೀನು ಈ ಸಲ ಬರೆಯಲೇ ಇಲ್ಲ. ಬರೆ.

ಮಿತ್ರಾ


ಸಿಂದಗಿ, ಆಸ್ಪತ್ರೆಯಿಂದ
೯ ಜುಲೈ ೨೦೨೫

ಮಿತ್ರಾ,

ಕೂಸಿಗೆ ಸಲೈನು ಹಚ್ಚಿದ್ದಾರೆ. ಕೈಯಲ್ಲಿ ನರ ಸಿಗದೆ ಕಾಲಿಗೆ ಚುಚ್ಚಿದರು. ಅಳಲು ಬಾಯಿ ತೆರೆಯುತ್ತಾಳೆ, ಧ್ವನಿ ಬರುವುದಿಲ್ಲ. ಡಾಕ್ಟರು, ‘ಯಾವ ನೀರು ಕುಡಸ್ತೀರಿ?’ ಎಂದು ಕೇಳಿದರು. ಕುದಿಸಿದ್ದು ಎಂದೆ. ‘ಸ್ನಾನ ಮಾಡಸೂದು? ಬಟ್ಟಲಾ ತೊಳಿಯೂದು?’ ಎಂದರು.

ಮಳೆ ಬಂತು. ಗುಂಡಿಯ ನೀರು ಸಂಜೆ ಹಾಕಿದ್ದು ಬೆಳಿಗ್ಗೆಯೂ ಹಾಗೆಯೇ ನಿಂತಿತ್ತು, ಕನ್ನಡಿಯ ಹಾಗೆ. ಮಾವನವರು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಮಾತು ಕೇಳಿದರು, ಅದನ್ನು ನಿನಗೆ ಬರೆಯಲು ಹೇಳಿದ್ದಾರೆ: ಮೇಲೆ ಎರೆ ಇದ್ದರೂ ಕೆಳಗೆ ನೀರು ಹೀರುವ ಗರಸು ಮಣ್ಣು ಇರಬಹುದಲ್ಲ? ತಳದಲ್ಲಿ ಗರಸು ಸಿಕ್ಕರೆ ನೀರು ಕೆಳಕ್ಕೆ ಇಳಿಯುವುದಿಲ್ಲವೆ? ಬಾವಿಯ ಕಡೆಯ ಗೋಡೆಯಲ್ಲಿ ಬಿರುಕಿದ್ದರೆ ಹಸಿಮಣ್ಣು ಸುಣ್ಣ ಮೆತ್ತಿ ಮುಚ್ಚಲು ಬರುವುದಿಲ್ಲವೆ?

ಏನಾದರೂ ಒಂದು ದಾರಿ ಬರೆ. ಅವರಿಗೂ ಒಂದು ದಾರಿ ಬೇಕಾಗಿದೆ.

ಜಯಾ


ಮುದ್ದೇಬಿಹಾಳ
೧೩ ಜುಲೈ ೨೦೨೫

ನನ್ನ ಜಯಾ,

ಕೂಸು ಹುಷಾರಾದ ಕೂಡಲೇ ಎರಡು ಸಾಲು ಬರೆ. ಅಕ್ಷರ ಸೊಟ್ಟಗಿವೆ, ಮಲಗಿಕೊಂಡೇ ಬರೆಯುತ್ತಿದ್ದೇನೆ, ಮನ್ನಿಸು. ಈ ಸಲ ಕಾಗದ ಉದ್ದ ಮಾಡಲಾರೆ.

ಮಾವನವರು ಕೇಳಿದ್ದು ಸರಿಯಾದ ಪ್ರಶ್ನೆ. ಕೆಲವು ಕಡೆ ಎರೆಯ ಕೆಳಗೆ ಗರಸು ಸಿಗುತ್ತದೆ. ನೋಡದೆ ಹೇಳಲು ಬಾರದು. ಹಗೇವು ಖಾಲಿಯೇ ಇದೆ ಎಂದಿದ್ದೀ. ಹಾಗಿದ್ದರೆ ಚಪ್ಪಡಿ ಸರಿಸಿ ಒಂದು ದಿನ ಗಾಳಿಯಾಡಲು ಬಿಡಿ. ಹಿರಿಯರು ಮಾಡುತ್ತಿದ್ದಂತೆ ಕಂದೀಲು ಇಳಿಬಿಟ್ಟು ನೋಡಿ. ದೀಪ ಆರದಿದ್ದರೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬರು ಇಳಿದು, ತಳದ್ದೊಂದು ಹಿಡಿ, ಬಾವಿ ಕಡೆಯ ಗೋಡೆಯದೊಂದು ಹಿಡಿ ಮಣ್ಣು ತರಲಿ. ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿ ಕಳಿಸು. ಮಾವನವರಿಗೆ ಇದು ಹೊಸ ಕೆಲಸವಲ್ಲ.

ಧೈರ್ಯವಾಗಿರು.
ಮಿತ್ರಾ


ಆಲಮೇಲ
೧೮ ಜುಲೈ ೨೦೨೫, ದೀಪ ಹಚ್ಚುವ ಹೊತ್ತು

ಮಿತ್ರಾ,

ಇದನ್ನು ಓದುವ ಮೊದಲು ಫೋನು ಕೈಗೆ ತಗೋ. ಮಾವನವರ ನಂಬರು ಕಾಗದದ ನೆತ್ತಿಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ.

ಬಾವಿಯಲ್ಲಿ ಕಪ್ಪೆ ಇರಲಿಲ್ಲ. ರಾತ್ರಿಯ ಆ ‘ಗುಳುಕ್’ ಸದ್ದು ಪಾಯಖಾನೆಯ ಪೈಪಿನದು. ಹಗೇವು ಖಾಲಿ ಇಲ್ಲ. ನಾನು ನಿನಗೆ ಮೊದಲ ಕಾಗದ ಬರೆಯುವ ಮೊದಲೇ, ಯುಗಾದಿಯ ಹೊತ್ತಿಗೇ ಪೈಪು ಜೋಡಿಸಿ ಆಗಿತ್ತು. ಜೋಡಿಸುವ ವಿಚಾರ ಇದೆ ಎಂದು ಬರೆದೆ, ಖಾಲಿ ಎಂದು ಬರೆದೆ, ಎರಡೂ ಸುಳ್ಳು. ಯಾಕೆಂದರೆ ಅದು ನನ್ನಿಂದ ಆದದ್ದು. ಬಾಣಂತನಕ್ಕೆ ಮನಗೂಳಿಯ ತವರಿಗೆ ಹೋದಾಕೆ, ಮನೆಯಲ್ಲಿ ಪಾಯಖಾನೆ ಆಗದೆ ಕೂಸಿನ ಕಾಲು ಆ ಹೊಸ್ತಿಲಿಗೆ ಹಾಕಿಸುವುದಿಲ್ಲ ಎಂದು ಹಟ ಹಿಡಿದಿದ್ದೆ. ಸುಡುವ ಬಿಸಿಲಲ್ಲಿ ಮಾವನವರೇ ಗುದ್ದಲಿ ಹಿಡಿದು ಹಗೇವಿನವರೆಗೆ ಕಾಲುವೆ ತೋಡಿದರು. ‘ಮೊಮ್ಮಗಳು ಬರ್ತಾಳ’ ಎಂದು ಊರಿಗೆಲ್ಲ ಹೇಳಿಕೊಂಡು ತೋಡಿದರಂತೆ. ಆ ಹಗೇವಿನ ಹೊಲಸು ನೀರು ಬಿರುಕಿನಿಂದ ಬಾವಿಗೆ ಹೋಯಿತು, ಬಾವಿಯಿಂದ ಕೂಸಿನ ಬಟ್ಟಲಿಗೆ ಬಂತು. ಇದನ್ನು ನಿನಗೆ ಹೇಗೆ ಬರೆಯಲಿ?

ಕೂಸು ಈಗ ಮನೆಗೆ ಬಂದಿದ್ದಾಳೆ, ಹಾಲು ಕುಡಿಯುತ್ತಾಳೆ. ಅವಳ ಭಯ ಈಗಿಲ್ಲ. ಭಯ ಮಾವನವರದು.

ನಿನ್ನ ಕಾಗದವನ್ನು ಇವರು ಪಡಸಾಲೆಯಲ್ಲಿ ಓದಿದರು. ನಾನು ಒಳಗೆ ಕೂಸಿಗೆ ಹಾಲೂಡುತ್ತಿದ್ದೆ. ಎದ್ದು ಬರುವಷ್ಟರಲ್ಲಿ ಎಲ್ಲ ಓದಿ ಮುಗಿದಿತ್ತು. ಇಂದು ಮಧ್ಯಾಹ್ನ ಚಪ್ಪಡಿ ಎಳೆದ ಸದ್ದು ಕೇಳಿತು. ಸಿಂದಗಿಯಿಂದ ಟ್ಯಾಂಕರು ಕರೆಸಿ ಹೊಲಸು ನೀರನ್ನೆಲ್ಲ ಹೀರಿಸಿದ್ದಾರೆ. ತಳದಲ್ಲಿ ಮೊಣಕಾಲುದ್ದ ರಾಡಿ ಉಳಿದಿದೆ. ಅದನ್ನು ಯಾರು ಇಳಿದು ತೆಗೆಯುತ್ತಾರೆ ಎಂದಾಗ ಟ್ಯಾಂಕರಿನವನು ಕೈ ಮುಗಿದು, ‘ಯಪ್ಪಾ, ಮನಷ್ಯಾರನ್ನ ಇಳಸಬಾರ್ದು ಅಂತ ಕಾಯ್ದೆ ಐತ್ರಿ. ನೀವೂ ಇಳೀಬ್ಯಾಡ್ರಿ’ ಎಂದು ಗಾಡಿ ತಿರುಗಿಸಿಕೊಂಡು ಹೋದ.

ಬೇರೆಯವರನ್ನು ಕರೆಯಲು ಮಾವನವರು ಒಪ್ಪುವುದಿಲ್ಲ. ‘ನಾ ಸಣ್ಣಾಂವ ಇದ್ದಾಗಿಂದ ಈ ಹಗೇ ಇಳದೇನಿ. ಇದರ ಗ್ವಾಡಿ ನನ್ನ ಕೈಗೆ ಗುರ್ತ ಐತಿ. ಕೂಸಿನ ನೀರಾಗ ಹೊಲಸ ಬಿಟ್ಟಾಂವ ನಾ, ತಗಿಯಾಂವನೂ ನಾನ.’ ನಾಳೆ ನಸುಕಿನಲ್ಲಿ, ಮಳೆ ಹಿಡಿಯುವ ಮೊದಲೇ ಇಳಿಯುತ್ತಾರಂತೆ. ರಾಡಿ ಬಳಿದು, ನಿನಗೆ ಹಿಡಿ ಮಣ್ಣು ತೆಗೆದು, ಬಾವಿ ಕಡೆಯ ಬಿರುಕಿಗೆ ಸುಣ್ಣದ ಮಣ್ಣು ಮೆತ್ತಬೇಕೆಂದು ಬುಟ್ಟಿ ತುಂಬಿ ಇಟ್ಟಿದ್ದಾರೆ.

ಕಂದೀಲು ಇಳಿಬಿಟ್ಟರು, ಮಿತ್ರಾ. ನಾನು ಅಲ್ಲೇ ನಿಂತಿದ್ದೆ. ದೀಪ ತಳದವರೆಗೆ ಹೋಯಿತು, ಆರಲಿಲ್ಲ. ಅವರು ನನ್ನ ಕಡೆ ತಿರುಗಿ ಮಗುವಿಗೆ ನಗುವ ಹಾಗೆ ನಕ್ಕರು. ‘ಕಂಡೇನವಾ? ದೀಪ ಸುಳ್ಳ ಹೇಳೂದಿಲ್ಲ.’

ಜೋಳದ ಹಗೇವಿನಲ್ಲಿ ಹೇಳುವುದಿಲ್ಲ ನಿಜ. ಇದು ಜೋಳದ ಹಗೇವಲ್ಲ. ಚಪ್ಪಡಿ ಸರಿಸಿದಾಗ ಕೊಳೆತ ತತ್ತಿಯ ನಾತ ಬಂತು. ಸ್ವಲ್ಪ ಹೊತ್ತಿಗೆ ನನಗೆ ನಾತವೇ ತಿಳಿಯಲಿಲ್ಲ. ಅತ್ತೆ ಆಗತಾನೇ ಹಿತ್ತಲಿಗೆ ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಮ್ಮ ಕೆಮಿಸ್ಟ್ರಿ ಲ್ಯಾಬ್ ನೆನಪಿದೆಯಾ? ‘ವಾಸನಿ ನಿಂತ್ರ ಗ್ಯಾಸ್ ಹೋತು ಅಂತ ತಿಳೀಬ್ಯಾಡ್ರಿ, ನಿಮ್ಮ ಮೂಗು ಸತ್ತೈತಿ ಅಂತ ತಿಳೀರಿ’ ಎಂದು ಸರ್ ಕಿಟಕಿ ತೆರೆದಿದ್ದರು. ಆ ಗಾಳಿಗೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಆರಿಹೋಗುತ್ತಾನೆ. ರಾಡಿ ಕಲಕಿದರೆ ಅದು ಇನ್ನಷ್ಟು ಏಳುತ್ತದೆ.

ಎಲ್ಲ ಹೇಳಿದೆ. ಕಾಲು ಹಿಡಿದೆ. ಮಿತ್ರಾಗೆ ನಾನು ಸುಳ್ಳು ಬರೆದಿದ್ದೆ, ಅವಳು ಬರೆದದ್ದು ಖಾಲಿ ಹಗೇವಿನ ಮಾತು ಎಂದೆ. ‘ನೀ ಏನ್ ಬರದೀಯೋ ನನಗೊತ್ತಿಲ್ಲ. ಇಂಜಿನಿಯರ್ ಬಾಯಾರು ಬರದದ್ದು ಇಲ್ಲೈತಿ’ ಎಂದು ಅಂಗಿಯ ಕಿಸೆ ತಟ್ಟಿಕೊಂಡರು. ನಿನ್ನ ಕಾಗದ ಅಲ್ಲಿದೆ. ‘ಮೂರ್ ತಿಂಗಳಾತು ನೀ ಕಣ್ಣ ಮುಚ್ಚಿಲ್ಲ ತಂಗಿ. ಇವತ್ತರ ಮಕ್ಕೊ.’ ಸಿಟ್ಟಿನಿಂದ ಹೇಳಿದ್ದರೆ ಜಗಳವಾಡುತ್ತಿದ್ದೆ.

ಇವರು ಹಗ್ಗ ಹಿಡಿಯುತ್ತಾರಂತೆ. ಅಪ್ಪ ಕೆಳಗೆ ಬಿದ್ದದ್ದು ಕಂಡರೆ ಇವರು ಮೇಲೆ ಹಗ್ಗ ಹಿಡಿದು ನಿಲ್ಲುವವರೇ? ಧುಮುಕುತ್ತಾರೆ. ಆಗ ಇಬ್ಬರೂ. ಹಗ್ಗ ಬಣವೆಯಲ್ಲಿ ಬಚ್ಚಿಟ್ಟೆ. ಬಾವಿಯ ಹಗ್ಗ ಬಿಚ್ಚಿ ತಂದಿದ್ದಾರೆ. ಪಂಚಾಯ್ತಿಯವರಿಗೆ ಫೋನು ಮಾಡಿ ಮಾವನವರನ್ನು ತಡೆಯಿರಿ ಎಂದೆ. ‘ಬಸಂತರಾಯರ ಹಿತ್ತಲದಾಗ ಬಸಂತರಾಯರಿಗೆ ನಾವ್ ಏನ್ ಹೇಳೂದ್ರಿ ಅಕ್ಕಾರ?’ ಎಂದು ನಕ್ಕರು.

ನಿನಗೆ ಫೋನು ಹಚ್ಚಿ ಹಚ್ಚಿ ಸಾಕಾಯಿತು, ಬಂದ್ ಎನ್ನುತ್ತದೆ. ಯಾಕೆಂದು ಈಗ ಮುಕ್ತಾರ ಹೇಳಿದ. ನೀನು ಏಳು ತಿಂಗಳ ಬಸುರಿಯಂತೆ, ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದಾರಂತೆ, ಸಂಜೆಯಾದರೆ ನಿಮ್ಮ ಅವ್ವ ನಿನ್ನ ಫೋನು ಬಂದ್ ಮಾಡಿ ಇಡುತ್ತಾರಂತೆ. ಹೋದ ಎರಡು ಸಲ ಬಸುರು ನಿಲ್ಲದ್ದನ್ನೂ ನೀನು ನನಗೆ ಹೇಳಿರಲಿಲ್ಲ. ನಾನೇನು ಬರೆದೆ? ಸಾಹೇಬರ ಜೀಪು ಎಂದು ಬರೆದೆ. ಮಲಗಿಕೊಂಡೇ ನನ್ನ ಮಣ್ಣು ಹೊಸೆದವಳಿಗೆ.

ಅದಕ್ಕೆ ಆಮೇಲೆ ಬಂದು ನಿನ್ನ ಕಾಲಿಗೆ ಬೀಳುತ್ತೇನೆ. ಈಗ ಮುಕ್ತಾರ ಗಾಡಿ ತುಂಬುತ್ತಿದ್ದಾನೆ. ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಬಂದು ನಿಮ್ಮ ಬಾಗಿಲು ಬಡಿಯುತ್ತೇನೆ ಎಂದು ಮಾತು ಕೊಟ್ಟಿದ್ದಾನೆ.

ಹುಲಿಗೆವ್ವ ಅವ್ವಾ, ಈ ಕಾಗದ ಮೊದಲು ನಿಮ್ಮ ಕೈಗೇ ಬರುತ್ತದೆ. ಮಗಳ ನಿದ್ದೆ ಕೆಡಿಸಬಾರದು ಎಂದು ದಿಂಬಿನ ಕೆಳಗೆ ಇಡಬೇಡಿ. ಬಸುರಿಯನ್ನು ಹೀಗೆ ಎಬ್ಬಿಸಬಾರದು, ನನಗೆ ಗೊತ್ತು, ನಾನೂ ಹೆತ್ತವಳು. ಮೆಲ್ಲಗೆ ಎಬ್ಬಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಆಮೇಲೆ ಹೇಳಿ. ಆದರೆ ಎಬ್ಬಿಸಿ.

ಮಿತ್ರಾ, ಗೆಳತಿಯ ಹಾಗೆ ಮಾತಾಡಬೇಡ. ಆಫೀಸಿನ ಧ್ವನಿಯಲ್ಲಿ ಮಾತಾಡು. ‘ನಾನು ಬರೆದದ್ದು ತಪ್ಪು, ಆ ಕಾಗದ ಹರಿದು ಹಾಕಿರಿ, ಹಗೇವಿಗೆ ಯಾರೂ ಇಳಿಯಕೂಡದು, ಚಪ್ಪಡಿ ಮುಚ್ಚಿರಿ’ ಎನ್ನು. ನೀನು ಬರೆದದ್ದನ್ನು ನಂಬಿದವರು ನೀನು ಅಳಿಸಿದ್ದನ್ನೂ ನಂಬುತ್ತಾರೆ. ನಾನು ಅಳಿಸಿದರೆ ನಂಬುವುದಿಲ್ಲ. ಅವರ ಫೋನು ಚಾರ್ಜು ಮಾಡಿ, ಸದ್ದು ಪೂರ್ತಿ ಏರಿಸಿ, ತಲೆದೆಸೆಯಲ್ಲಿ ಇಟ್ಟಿದ್ದೇನೆ. ನಾನು ಹಿತ್ತಲ ಬಾಗಿಲಿಗೆ ಅಡ್ಡ ಕೂತಿರುತ್ತೇನೆ, ತೊಡೆಯ ಮೇಲೆ ಕೂಸನ್ನಿಟ್ಟುಕೊಂಡು. ಮೊಮ್ಮಗಳನ್ನು ದಾಟಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೆ ದಾಟುತ್ತಾರೆ, ಅವಳಿಗಾಗಿಯೇ ದಾಟುತ್ತಾರೆ.

ಕೋಳಿ ಕೂಗುವ ಮೊದಲು ಫೋನು ಮಾಡು. ಅವರು ಎತ್ತದಿದ್ದರೆ ಮತ್ತೆ ಮಾಡು. ಬೆಳಗಾಗುವ ಮೊದಲು, ಮಿತ್ರಾ, ಒಂದು ಫೋನು.